ಮೈಗೆ ಮಾತ್ರೆ ಉಂಟು, ಮನಸ್ಸಿಗೆ?

ಎಚ್‌ಐವಿ ಇದ್ದವರಿಗೆ ಸರಕಾರ ಎ.ಆರ್.ಟಿ. ಮಾತ್ರೆ ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರಲ್ಲಿ. ದಿನವೂ ನುಂಗಿದರೆ ವೈರಸ್ಸು ಅಡಗಿ ಆಯುಷ್ಯ ಉಳಿಯುತ್ತದೆ. ಆದರೆ ಬದುಕೇ ಬೇಡವೆನಿಸಿದ ಹುಡುಗ ಮಾತ್ರೆ ನುಂಗಿಯಾನೇ? ಖಿನ್ನತೆ ಹಿಡಿದರೆ ಮಾತ್ರೆ ತಪ್ಪುವುದು ಜಾಸ್ತಿ. ತಪ್ಪಿದರೆ ವೈರಸ್ಸು ಮತ್ತೆ ತಲೆಯೆತ್ತುತ್ತದೆ.

ಬೈಂದೂರು, ಕುಂದಾಪುರ, ಬ್ರಹ್ಮಾವರದ ಬಸ್ಸುಗಳಲ್ಲಿ ಪಕ್ಕದ ಸೀಟಿನವರೂ ಗುರ್ತದವರೇ. ಮಾತ್ರೆಗೊಮ್ಮೆ, ಮನೋವೈದ್ಯರಿಗೆಂದು ಇನ್ನೊಮ್ಮೆ ಬಸ್ಸು ಹತ್ತಿದರೆ “ಹ್ವಾಯ್, ಎಲ್ಲಿಗ್ ಹೊರ್ಟದ್?” ಪ್ರಶ್ನೆಗೆ ಎಷ್ಟು ಸಲ ಸುಳ್ಳು ಹೇಳುವುದು? ಎರಡೂ ಒಂದೇ ಬಾಗಿಲಲ್ಲಿ ಸಿಗಬೇಕು. ಮಾತ್ರೆ ಲೆಕ್ಕ ಕೇಳುವ ಆಪ್ತಸಮಾಲೋಚಕರು “ನಿದ್ರಿ ಬತ್ತಾ? ಉಂಬುಕೆ ಮನ್ಸಿತ್ತಾ?” ಎಂದೂ ಕೇಳಲಿ. ಎರಡು ವಾರದಿಂದ ಇಲ್ಲವೆಂದರೆ ಅಲ್ಲೇ ಚಿಕಿತ್ಸೆ ಶುರುವಾಗಲಿ.

ಒಪ್ಪಿಗೆಯಿಲ್ಲದೆ ಗುಟ್ಟು ಹೊರಹಾಕಬಾರದೆಂದು 2017ರ ಕಾಯಿದೆಯೇ ಇದೆ. ಮನಸ್ಸಿನ ಮಾತಿಗೆ 14416 ‘ಟೆಲಿ ಮಾನಸ್’ ಫೋನೂ ಉಂಟು, ಕನ್ನಡದಲ್ಲೇ. ಅಂಗಡಿಯವರೇ, ಈ ನಂಬ್ರವನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಡಿ.