ಕ್ಲಚ್ ಜಾರಿದರೆ ರಿಪೇರಿ ಮನೆಯಲ್ಲೇ?

ದೇವರಾಯನದುರ್ಗದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರಿನ ಇಂಜಿನ್ ಅಬ್ಬರಿಸುತ್ತದೆ, ವೇಗ ಮಾತ್ರ ಏರುವುದಿಲ್ಲ. ಏಕೆ? ನಾನೇ ರಿಪೇರಿ ಮಾಡಬಹುದೇ?
– ಓದುಗರು, ಗುಬ್ಬಿ

ಇಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಒತ್ತಿಕೊಂಡಿರುತ್ತದೆ. ಆ ಘರ್ಷಣೆಯಿಂದಲೇ ಇಂಜಿನ್ನಿನ ತಿರುಗುಬಲ ಗೇರ್‌ಬಾಕ್ಸ್‌ಗೆ ದಾಟುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದರೆ, ಅಡಿ ಸವೆದ ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುವಂತೆ, ಪ್ಲೇಟೂ ಹಿಡಿತ ಬಿಟ್ಟು ಜಾರುತ್ತದೆ. ಭಾರ ಹೆಚ್ಚುವ ಏರಿನಲ್ಲಿ ಇದು ಮೊದಲು ಗೊತ್ತಾಗುತ್ತದೆ.

ಕೇಬಲ್ ಕ್ಲಚ್ ಆಗಿದ್ದು, ಕೇಬಲ್ ಅತಿ ಬಿಗಿಯಾಗಿದ್ದರೂ ಪ್ಲೇಟ್ ಜಾರಬಹುದು; ಹಾಗಿದ್ದರೆ ಕಾರಿನ ಕೈಪಿಡಿಯ ಅಳತೆಯಂತೆ ಸಡಿಲಿಸಿ ನೋಡಿ. ಮನೆಯಲ್ಲಿ ಅಷ್ಟೇ ಸಾಧ್ಯ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಬರೀ ಜಾಕ್ ನಂಬಿ ಕಾರಿನಡಿ ಮಲಗುವುದು ಜೀವಕ್ಕೇ ಅಪಾಯ. ಆ ಕೆಲಸವನ್ನು ತುಮಕೂರಿನ ನುರಿತ ಮೆಕ್ಯಾನಿಕ್‌ಗೆ ಬಿಡಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ.