ತಡೆಹಿಡಿದ ಸರಕೂ ನ್ಯಾಯಸ್ಥಾನದ ಆಜ್ಞೆಯೂ

ಕರಾರಿಗೆ ತಪ್ಪಿದ ವರ್ತಕನಿಂದ ನ್ಯಾಯಸ್ಥಾನವು ನಮಗೆ ಏನನ್ನು ಕೊಡಿಸಬೇಕು? ಅವನು ಒಪ್ಪಿದ ಸರಕನ್ನೋ, ನಷ್ಟಕ್ಕೆ ತಕ್ಕ ಹಣವನ್ನೋ? ಸರಕನ್ನೇ ಎಂದು ನಮ್ಮಲ್ಲಿ ಅನೇಕರು ಹೇಳಿಯೇವು. ಇಂಗ್ಲೆಂಡಿನ ನ್ಯಾಯಸ್ಥಾನಗಳಾದರೋ ಸಾಮಾನ್ಯವಾಗಿ ಹಣವನ್ನೇ ಕೊಡಿಸುತ್ತವೆ.

ಇದಕ್ಕೆ ಕಾರಣವುಂಟು. ನೂರು ಮೂಟೆ ಗೋಧಿಯನ್ನು ಕೊಡುವೆನೆಂದವನು ಕೊಡದೆ ಹೋದರೆ, ಕೊಳ್ಳುವವನು ಅದೇ ಬಗೆಯ ಗೋಧಿಯನ್ನು ಪೇಟೆಯಲ್ಲಿ ಬೇರೊಬ್ಬನಿಂದ ತರಬಹುದು. ಬೆಲೆ ಏರಿದ್ದರೆ ಏರಿದಷ್ಟನ್ನು ತಪ್ಪಿದವನಿಂದ ವಸೂಲು ಮಾಡಬಹುದು. 1927ರಲ್ಲಿ ವರದಿಯಾದ ಕೋಹೆನ್ ಮತ್ತು ರೋಷ್ ಎಂಬವರ ಮೊಕದ್ದಮೆಯಲ್ಲಿ, ಹರಾಜಿನಲ್ಲಿ ಕೊಂಡ ಎಂಟು ಹೆಪಲ್‌ವೈಟ್ ಕುರ್ಚಿಗಳನ್ನೇ ಕೊಡಿಸಬೇಕೆಂದು ವಾದಿಯು ಬೇಡಿದನು. ವಾದಿಯು ಮರುಮಾರಾಟಕ್ಕಾಗಿ ಕೊಂಡ ವರ್ತಕ. ಕುರ್ಚಿಗಳು ವ್ಯಾಪಾರದ ಸಾಮಾನ್ಯ ಪದಾರ್ಥಗಳು. ಆದುದರಿಂದ ನಷ್ಟಪರಿಹಾರವೇ ಸಾಕೆಂದು ತೀರ್ಪಾಯಿತು.

ಆದರೆ ಪೇಟೆಯೇ ಬರಿದಾದರೆ? ಸ್ಕೈ ಪೆಟ್ರೋಲಿಯಂ ಎಂಬ ಸಂಸ್ಥೆಯು ತನ್ನ ಪೆಟ್ರೋಲ್ ಬಂಕುಗಳಿಗೆ ಬೇಕಾದ ಪೆಟ್ರೋಲ್ ಮತ್ತು ಡೀಸೆಲ್ಲನ್ನೆಲ್ಲ ವಿ.ಐ.ಪಿ. ಪೆಟ್ರೋಲಿಯಂ ಎಂಬ ಸಂಸ್ಥೆಯಿಂದಲೇ ಹತ್ತು ವರ್ಷ ಕೊಳ್ಳುವುದಾಗಿ 1970ರಲ್ಲಿ ಕರಾರು ಮಾಡಿಕೊಂಡಿತು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆದು, ಅರಬ್ ರಾಷ್ಟ್ರಗಳು ತೈಲದ ಉತ್ಪಾದನೆಯನ್ನು ಕಡಿಮೆಮಾಡಿದವು. ನವೆಂಬರಿನಲ್ಲಿ, ಕೊಳ್ಳುವವರು ಸಾಲದ ಮಿತಿಯನ್ನು ಮೀರಿದರೆಂದು ಹೇಳಿ, ಮಾರುವವರು ಕರಾರನ್ನು ಮುರಿದರು. ಬೇರೆಯವರಿಂದ ತೈಲ ದೊರೆಯುವ ಸಂಭವವು ಇರಲಿಲ್ಲವೆಂದೇ ಹೇಳಬೇಕು. ಮೊಕದ್ದಮೆ ಮುಗಿಯುವವರೆಗೆ ಕಾದರೆ ವ್ಯಾಪಾರವೇ ಮುಳುಗುವುದು. ಅನಂತರ ಬರುವ ಹಣವು ಆರಿದ ದೀಪಕ್ಕೆ ಎಣ್ಣೆ ಹೊಯ್ದಂತೆ!

ನ್ಯಾಯಾಧೀಶ ಗೌಲ್ಡಿಂಗರು, ವಿಚಾರಣೆಯವರೆಗೆ ಸರಬರಾಜನ್ನು ತಡೆಹಿಡಿಯಕೂಡದೆಂದು ಆಜ್ಞೆಯನ್ನು ಕೊಟ್ಟರು. ತಡೆಯಾಜ್ಞೆಯೆಂದರೆ ‘ಮಾಡಬೇಡ’ ಎಂಬ ಆಜ್ಞೆ. ಆದರೆ ‘ತಡೆಹಿಡಿಯಬೇಡ’ ಎಂಬುದರ ಫಲಿತಾರ್ಥವು ‘ಕೊಡು’ ಎಂದೇ ಅಲ್ಲವೆ? ನ್ಯಾಯಾಧೀಶರು ಇದನ್ನು ಮರೆಮಾಚಲಿಲ್ಲ. ಗೊತ್ತುಮಾಡಿ ಬೇರೆಯಾಗಿ ಇಡದ ಸರಕನ್ನು ನ್ಯಾಯಸ್ಥಾನವು ಕೊಡಿಸದೆಂಬ ಹಳೆಯ ನಿಯಮಕ್ಕೆ, ಹಣವು ಸಾಕಾದ ಪರಿಹಾರವೆಂಬುದೇ ಆಧಾರ. ಆಧಾರವೇ ಇಲ್ಲದೆಡೆ ನಿಯಮವೂ ನಿಲ್ಲದೆಂದು ಅವರು ಕಂಡರು. ಪೆಟ್ರೋಲ್ ಅಪೂರ್ವ ವಸ್ತುವಲ್ಲ. ಕಾಲವು ಅದನ್ನು ಅಪೂರ್ವವನ್ನಾಗಿ ಮಾಡಿತ್ತು.

ಹಾಗೆಂದು ಕಷ್ಟವೆಂದವರಿಗೆಲ್ಲ ಈ ಬಾಗಿಲು ತೆರೆಯುವುದಿಲ್ಲ. 1975ರಲ್ಲಿ ವರದಿಯಾದ ಬ್ರಾಂಕ್ಸ್ ಎಂಜಿನಿಯರಿಂಗ್ ಸಂಸ್ಥೆಯ ಮೊಕದ್ದಮೆಯಲ್ಲಿ, 220 ಟನ್ನು ತೂಕದ ಯಂತ್ರವನ್ನು ಬೇರೆಡೆ ಮಾಡಿಸಲು 9ರಿಂದ 12 ತಿಂಗಳು ಹಿಡಿಯುತ್ತಿತ್ತು. ಆದರೂ ಆ ನಷ್ಟವನ್ನು ಹಣದಲ್ಲಿ ಅಳೆಯಬಹುದೆಂದು ಅಪೀಲು ನ್ಯಾಯಸ್ಥಾನವು ತಡೆಯಾಜ್ಞೆಯನ್ನು ನಿರಾಕರಿಸಿತು. ತಡವಾಗುವುದು ಬೇರೆ, ದೊರೆಯದಿರುವುದು ಬೇರೆ.

ಇನ್ನೊಂದು ಸಂದೇಹ. ಸಾಲದ ಮಿತಿಯನ್ನು ಮೀರಿದುದು ನಿಜವೋ ಸುಳ್ಳೋ ಎಂಬುದು ಆಗ ತೀರ್ಮಾನವಾಗಿರಲಿಲ್ಲ. ತಪ್ಪು ಯಾರದೆಂದು ತಿಳಿಯುವ ಮೊದಲೇ ಒಬ್ಬನ ಕೈಯನ್ನು ಕಟ್ಟುವುದು ನ್ಯಾಯವೆ? ಆದುದರಿಂದಲೇ, ಮಧ್ಯಂತರ ಆಜ್ಞೆಯನ್ನು ಬೇಡುವವನು, ಕಡೆಗೆ ತನ್ನ ವಾದವು ಬಿದ್ದುಹೋದರೆ ಎದುರಾಳಿಯ ನಷ್ಟವನ್ನು ತುಂಬಿಕೊಡುವೆನೆಂದು ಸಾಮಾನ್ಯವಾಗಿ ನ್ಯಾಯಸ್ಥಾನಕ್ಕೆ ಮಾತುಕೊಡಬೇಕು.

ನಮ್ಮ ದೇಶದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು, ಪೇಟೆಯಲ್ಲಿ ಸುಲಭವಾಗಿ ದೊರೆಯದ ಸರಕನ್ನು ಮೊದಲೇ ಪ್ರತ್ಯೇಕವಾಗಿ ಗಣಿಸಿತ್ತು. 2018ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಕೆಲವು ಅಪವಾದಗಳನ್ನು ಬಿಟ್ಟು, ಕರಾರನ್ನು ನಡೆಸಿಕೊಡಿಸುವುದನ್ನೇ ಸಾಮಾನ್ಯ ನಿಯಮವನ್ನಾಗಿ ಮಾಡಿತು. ಆದರೂ ವಿಚಾರಣೆಗೆ ಮುನ್ನ ಆಜ್ಞೆ ಬೇಕಾದವನು, ಹಣದಿಂದ ತನ್ನ ನಷ್ಟವು ತುಂಬದೆಂಬುದನ್ನು ತೋರಿಸಲೇಬೇಕು. ಬೇರೆಡೆ ಸರಕನ್ನು ಹುಡುಕಿದುದಕ್ಕೂ ಅದು ದೊರೆಯದುದಕ್ಕೂ ಪತ್ರಗಳನ್ನು ಜೋಪಾನವಾಗಿಟ್ಟುಕೊಂಡು, ಕಾಲವಿಳಂಬವಿಲ್ಲದೆ ನ್ಯಾಯಸ್ಥಾನಕ್ಕೆ ಹೋಗತಕ್ಕದ್ದು ಅವನ ಕರ್ತವ್ಯ.