ತಾಳ ತಪ್ಪಿದ ಹೃದಯಕ್ಕೆ ಕ್ಯಾಥೆಟರ್ ಚಿಕಿತ್ಸೆ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಬಾರಿ ಬಡಿಯುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶ ಸಮೂಹದಿಂದ ಹೊರಡುವ ವಿದ್ಯುತ್ ಸಂಕೇತವೇ ಈ ಬಡಿತಕ್ಕೆ ಮೂಲ. ಸಂಕೇತವು ಹೃತ್ಕರ್ಣಗಳಲ್ಲಿ ಹರಡಿ, ಅಲ್ಲಿಂದ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಈ ಹಾದಿಯಲ್ಲಿ ಅಡ್ಡದಾರಿಯೊಂದಿದ್ದರೆ, ಇಲ್ಲವೇ ಬೇರೆಡೆಯ ಜೀವಕೋಶಗಳು ತಾವೇ ಸಂಕೇತ ಹೊರಡಿಸತೊಡಗಿದರೆ ಬಡಿತ ಲಯ ತಪ್ಪುತ್ತದೆ. ಎದೆ ಡವಗುಟ್ಟುವುದು, ತಲೆಸುತ್ತು, ಏದುಸಿರು ಇದರ ಲಕ್ಷಣಗಳು. ಕೆಲವರಲ್ಲಿ ಯಾವ ಲಕ್ಷಣವೂ ಕಾಣಿಸದು.

ಚಿಕಿತ್ಸೆ ಹೇಗೆ?

ಔಷಧಗಳಿಂದ ಲಯ ಹತೋಟಿಗೆ ಬಾರದಿದ್ದಾಗ, ಕೆಲವು ದೋಷಗಳಲ್ಲಿ ಆರಂಭದಲ್ಲೇ, ವೈದ್ಯರು ಕ್ಯಾಥೆಟರ್ ಅಬ್ಲೇಷನ್ ಸೂಚಿಸುತ್ತಾರೆ. ಇದಕ್ಕೆ ಎದೆ ತೆರೆಯಬೇಕಿಲ್ಲ. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಗಳನ್ನು ಹೃದಯಕ್ಕೆ ತಲುಪಿಸಿ, ಮೊದಲು ಒಳಗಿನ ವಿದ್ಯುತ್ ಸಂಚಾರದ ನಕ್ಷೆ ತಯಾರಿಸಲಾಗುತ್ತದೆ. ದೋಷದ ಜಾಗ ಖಚಿತವಾದ ಬಳಿಕ ನಳಿಕೆಯ ತುದಿಯಿಂದ ರೇಡಿಯೋ ತರಂಗ ಹರಿಸಿ ಅಲ್ಲಿನ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡಲಾಗುತ್ತದೆ. ಕೆಲವೇ ಮಿಲಿಮೀಟರ್‌ನಷ್ಟು ಭಾಗ ಸತ್ತು ಕಲೆಗಟ್ಟುತ್ತದೆ. ಆ ಕಲೆಯನ್ನು ದಾಟಿ ವಿದ್ಯುತ್ ಹರಿಯಲಾರದು. ಕೆಲವೆಡೆ ಕಾವಿನ ಬದಲು ಅತಿಶೀತದ ಬಲೂನ್ ಬಳಸುತ್ತಾರೆ.

ಎಲ್ಲ ದೋಷಗಳೂ ಒಂದೇ ಅಲ್ಲ

ಹುಟ್ಟಿನಿಂದಲೇ ಇರುವ ಹೆಚ್ಚುವರಿ ವಿದ್ಯುತ್ ಎಳೆಯೊಂದರಿಂದ ಹೃದಯ ಓಡುತ್ತಿದ್ದರೆ, ಆ ಎಳೆಯನ್ನು ಸುಟ್ಟಾಗ 100ರಲ್ಲಿ 90ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ.

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಏಟ್ರಿಯಲ್ ಫಿಬ್ರಿಲೇಷನ್ ಇಷ್ಟು ಸರಳವಲ್ಲ. ಇದರಲ್ಲಿ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸದೆ ಬರಿದೇ ನಡುಗುತ್ತವೆ. ಈ ನಡುಕಕ್ಕೆ ಕಿಡಿ ಹೊತ್ತಿಸುವ ತಾಣಗಳು ಬಹುಪಾಲು, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿವೆ ಎಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಮಿಷೆಲ್ ಹೈಸಗ್ಯೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಆ ನಾಳಗಳ ಬಾಯಿಯ ಸುತ್ತ ಕಲೆಯ ಉಂಗುರ ನಿರ್ಮಿಸಿ ಅವುಗಳನ್ನು ಪ್ರತ್ಯೇಕಿಸುವುದೇ ಇಂದಿನ ಚಿಕಿತ್ಸೆಯ ತಿರುಳು. ಆದರೆ ದೋಷ ಮರುಕಳಿಸಬಹುದು. ಕೆಲವರಿಗೆ ಎರಡನೆಯ ಬಾರಿ ಚಿಕಿತ್ಸೆ ಬೇಕಾಗುತ್ತದೆ.

ಮಾತ್ರೆ ಬಿಡುವ ಮುನ್ನ

ನಡುಗುವ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು. ಈ ದೋಷವುಳ್ಳವರಿಗೆ ಆ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಡವಡವ ನಿಂತಿತೆಂದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯುವುದು ತಪ್ಪು. ಸುಮಾರು 2,200 ರೋಗಿಗಳನ್ನು ಒಳಗೊಂಡ, 2019ರಲ್ಲಿ ಪ್ರಕಟವಾದ ‘ಕಬಾನಾ’ ಅಧ್ಯಯನದಲ್ಲಿ ಅಬ್ಲೇಷನ್ ಪಡೆದವರ ದೈನಂದಿನ ಬದುಕು ಹೆಚ್ಚು ಸುಧಾರಿಸಿತು. ಆದರೆ ಸಾವು, ತೀವ್ರ ಪಾರ್ಶ್ವವಾಯು ಮುಂತಾದವುಗಳನ್ನು ಒಟ್ಟಾಗಿ ಲೆಕ್ಕಿಸಿದಾಗ, ಔಷಧ ಪಡೆದವರಿಗೂ ಅವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಆದುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಚಿಕಿತ್ಸೆಯ ನಂತರವೂ ಎರಡು ಮೂರು ತಿಂಗಳಾದರೂ ಎಲ್ಲರೂ ಸೇವಿಸಬೇಕು. ಅನಂತರ ಮುಂದುವರಿಸಬೇಕೇ ಎಂಬುದನ್ನು ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದಿನ ಪಾರ್ಶ್ವವಾಯು ಇತ್ಯಾದಿ ಪರಿಗಣಿಸಿ ವೈದ್ಯರು ನಿರ್ಧರಿಸುತ್ತಾರೆ. ರೋಗಿಗೆ ಹಾಯೆನಿಸಿತು ಎಂಬುದು ಅದಕ್ಕೆ ಆಧಾರವಲ್ಲ.

ಹೃದಯದ ಸುತ್ತ ರಕ್ತಸ್ರಾವ, ಪೇಸ್‌ಮೇಕರ್ ಅಗತ್ಯ ಬೀಳುವಂಥ ತೊಡಕುಗಳು ವಿರಳವಾದರೂ ಇಲ್ಲದಿಲ್ಲ. ತಮ್ಮದು ಯಾವ ಬಗೆಯ ಲಯದೋಷ, ಚಿಕಿತ್ಸೆಯಿಂದ ಅದು ವಾಸಿಯಾಗುವುದೋ ಅಥವಾ ಹತೋಟಿಗೆ ಬರುವುದೋ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಿ ತಿಳಿಯುವುದು ಒಳಿತು.